ಚಿಪ್ಪಿನ ಕಿಟಕಿಯ ಮನೆಯಲ್ಲಿ ಮೂರು ರಾತ್ರಿ

ಅತ್ತೆಗೆ ಎಪ್ಪತ್ತು ತುಂಬಿತು. ಏನು ಕೊಡಿಸಲಿ ಅಂತ ಮಗ ಕೇಳಿದರೆ, "ಸೀರಿ ಬ್ಯಾಡ, ಬಂಗಾರ ಬ್ಯಾಡ. ಸಮುದ್ರದ ದಂಡಿಗೆ ನಾಕು ದಿನ ಇದ್ದು ಬರೋಣು" ಅಂದರು. ಅದಕ್ಕೂ ಒಂದು ಷರತ್ತು. "ಲಾಡ್ಜ್ ಬ್ಯಾಡಪಾ. ಮನಿ ಇದ್ದಂಗ ಇರಬೇಕು."

ನಮ್ಮ ಮನೆಯವರು ವಾರಗಟ್ಟಲೆ ಮೊಬೈಲ್ ತಿಕ್ಕಿ ಕಡೆಗೂ ದಕ್ಷಿಣ ಗೋವಾದ ಬಾಣಾವಲಿಯಲ್ಲಿ ಒಂದು ಮನೆ ಹುಡುಕಿದರು. ನಕ್ಷೆಯಲ್ಲಿ ಬೆನೌಲಿಂ ಅಂತ ಇರುತ್ತದೆ. ಪೋರ್ಚುಗೀಸರ ಕಾಲದ ಬಂಗಲೆ. ಈಗ ಮೂರು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಾರೆ. ರಾತ್ರಿ ಮಲಗಲು ಮಂಚ, ಬೆಳಿಗ್ಗೆ ತಿಂಡಿ. ಮಿಕ್ಕ ಊಟ ನಮ್ಮ ಪಾಡು. ಡಿಸೆಂಬರ್‌ನಲ್ಲಿ ಒಂದು ಕೋಣೆಗೆ ರಾತ್ರಿಗೆ 14,000 ರೂಪಾಯಿ. ಮಳೆಗೆ ಮುಂಚೆ, ಮೇ ಕೊನೆಗೆ 8,000. ಎರಡು ಕೋಣೆ, ಮೂರು ರಾತ್ರಿ. ಲೆಕ್ಕ ನೀವೇ ಹಾಕಿ. ಅತ್ತೆಗೆ ನಾವು ಹೇಳಲಿಲ್ಲ. ಹೇಳಿದ್ದರೆ ಹುಬ್ಬಳ್ಳಿ ಸ್ಟೇಷನ್ನಿನಿಂದಲೇ ಮನೆ ಕಡೆ ತಿರುಗುತ್ತಿದ್ದರು.

ಮೊದಲ ದಿನ

ಬೆಳಗಿನ ರೈಲು. ಅತ್ತೆಯ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎರಡು ಡಬ್ಬಿ ಮಾದಲಿ. ಗೋವಾದಲ್ಲಿ ಮೀನು ಬಿಟ್ಟರೆ ಬೇರೇನೂ ಸಿಗೋದಿಲ್ಲ ಅಂತ ಯಾರೋ ಅವರ ಕಿವಿಯಲ್ಲಿ ಹಾಕಿದ್ದರು. ಲೋಂಡಾ ದಾಟುವ ಹೊತ್ತಿಗೆ ಒಂದು ಡಬ್ಬಿ ಖಾಲಿ. ಪಕ್ಕದ ಸೀಟಿನವರಿಗೂ ಹಂಚಿದರು ಅನ್ನಿ.

ಕ್ಯಾಸಲ್‌ರಾಕ್‌ನಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. 1961ರವರೆಗೆ ಗಡಿ ಇಲ್ಲೇ. ಈಚೆ ನಾವು, ಆಚೆ ಪೋರ್ಚುಗೀಸರು. ಇಲ್ಲಿಂದ ಕುಳೆಂವರೆಗೆ 26 ಕಿಲೋಮೀಟರ್ ಘಟ್ಟ. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಹಳಿ. ರೈಲಿನ ಮಟ್ಟಿಗೆ ಇದು ಭಾರೀ ಇಳಿಜಾರು. ಸುರಂಗ ಬಂದಾಗಲೆಲ್ಲ ಹುಡುಗರು ಕೂಗುತ್ತಿದ್ದರು. ಹಾಲಿನ ಸಮುದ್ರ ಅಂತ ಹೆಸರಿಟ್ಟುಕೊಂಡ ದೂಧಸಾಗರ ಮೇ ಕೊನೆಗೆ ಪಾವ್ ಲೀಟರ್ ಹಾಲಾಗಿತ್ತು. ಬಂಡೆಯ ಮೇಲೆ ಎರಡು ಬಿಳಿ ಗೆರೆ, ಅಷ್ಟೆ. ಅತ್ತೆ ಅದಕ್ಕೂ ಕೈ ಮುಗಿದರು.

ಮಡಗಾಂವ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಗೋವಾದ ಟ್ಯಾಕ್ಸಿ ದರದ ಬಗ್ಗೆ ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು. ಆರೇಳು ಕಿಲೋಮೀಟರ್ ದಾರಿ. ಗದ್ದೆ, ತೆಂಗು, ಮಧ್ಯೆ ಮಧ್ಯೆ ಹಳದಿ, ನೀಲಿ, ಕೆಮ್ಮಣ್ಣು ಬಣ್ಣದ ಹಳೇ ಮನೆಗಳು. ಕೆಲವಕ್ಕೆ ಬೀಗ, ಮಾಡಿನ ಮೇಲೆ ಆಲದ ಸಸಿ.

ನಮ್ಮ ಮನೆ ರಸ್ತೆಯಿಂದ ಸ್ವಲ್ಪ ಒಳಗೆ. ಕೆಂಪು ಜಂಬಿಟ್ಟಿಗೆಯ ಗೋಡೆಗೆ ಗಾರೆ, ಅದರ ಮೇಲೆ ತಿಳಿ ಹಳದಿ ಬಣ್ಣ. ಏಳು ಮೆಟ್ಟಿಲು ಹತ್ತಿದರೆ ಕಂಬಗಳ ಕಟ್ಟೆ. ಎರಡೂ ಕಡೆ ಎದುರುಬದುರು ಕಲ್ಲಿನ ಆಸನ. ಇದಕ್ಕೆ ಇಲ್ಲಿ ಬಾಲ್ಕಾಂವ್ ಅನ್ನುತ್ತಾರೆ. ನಮ್ಮ ಕಡೆಯ ಪಡಸಾಲೆಯ ಕಟ್ಟೆ ಇದ್ದ ಹಾಗೆ. ಆದರೆ ಕೂತವರ ಮುಖ ಒಬ್ಬರಿಗೊಬ್ಬರಿಗೆ ಕಾಣುವಂತೆ ಮಾಡಿರುತ್ತಾರೆ. ದಾರಿಯಲ್ಲಿ ಹೋಗುವವರೂ ಕಾಣಬೇಕು. ಸುದ್ದಿ ಹಿಡಿಯೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಮನೆಯೊಡತಿ ಎಪ್ಪತ್ತರ ಆಸುಪಾಸಿನವರು. ಹೂವಿನ ಫ್ರಾಕು, ಕತ್ತರಿಸಿದ ಬಿಳಿ ಕೂದಲು. ನಾವು ಹಿಂದಿಯಲ್ಲಿ ನಮಸ್ತೆ ಹೇಳುವಷ್ಟರಲ್ಲಿ ಅವರು, "ಬರ್ರಿ, ಬರ್ರಿ, ಕುಂದರ್ರಿ" ಅಂದುಬಿಟ್ಟರು! ಅಪ್ಪಟ ಧಾರವಾಡದ ಕನ್ನಡ. ನಾವು ಮೂರೂ ಜನ ಬಾಯಿ ಬಿಟ್ಟು ನಿಂತೆವು. ಅಷ್ಟೇ ಅವರಿಗೆ ಬರುತ್ತಿದ್ದದ್ದು. ಮುಂದಿನದೆಲ್ಲ ಇಂಗ್ಲಿಷು, ಕೊಂಕಣಿ. ಕಲಿಸಿದವರು ಯಾರು ಅಂತ ಆಮೇಲೆ ತಿಳಿಯಿತು. ನಾವು ಅವರನ್ನು ಆಂಟಿ ಅಂತಲೇ ಕರೆದೆವು. ಊರಿನವರೂ ಹಾಗೇ ಕರೆಯುತ್ತಿದ್ದರು.

ಒಳಗೆ ಹೋದರೆ ದೊಡ್ಡ ಸಾಲಾ, ಅಂದರೆ ಹಜಾರ. ಹತ್ತು ಜೋಡಿ ಕೈ ಕೈ ಹಿಡಿದು ಕುಣಿಯುವಷ್ಟು ಜಾಗ. ಹಿಂದೆ ಹಾಗೇ ಕುಣಿಯುತ್ತಿದ್ದರಂತೆ. ಬೀಟೆ ಮರದ ಕುರ್ಚಿಗಳಿಗೆ ಬೆತ್ತದ ಹೆಣಿಗೆ. ಮೇಲೆ ಗಾಜಿನ ತೂಗುದೀಪ. ನೆಲದಲ್ಲಿ ಒಡೆದ ಪಿಂಗಾಣಿ ಚೂರುಗಳನ್ನು ಕೂಡಿಸಿ ಮಾಡಿದ ಹೂವಿನ ಚಿತ್ತಾರ. ನಮ್ಮ ಕೋಣೆಯ ಮಂಚ ಎಷ್ಟು ಎತ್ತರ ಅಂದರೆ ಹತ್ತೋಕೆ ಕಟ್ಟಿಗೆಯ ಮೆಟ್ಟಿಲು ಇಟ್ಟಿದ್ದರು. ನಾಲ್ಕು ಮೂಲೆಗೆ ನಾಲ್ಕು ಕೆತ್ತಿದ ಕಂಬ, ಮೇಲೆ ಸೊಳ್ಳೆ ಪರದೆ. ಸ್ನಾನದ ಮನೆಯಲ್ಲಿ ಕಾಲುಗಳಿರುವ ತೊಟ್ಟಿ. ಅತ್ತೆ ಅದನ್ನು ನೋಡಿ, "ಇದರಾಗ ಎಮ್ಮಿ ನಿಂದರಬಹುದು" ಅಂದರು.

ನಾನು ಫೋಟೋ ತೆಗೆಯುತ್ತಾ ತೂಗುದೀಪ, ಕನ್ನಡಿ ಅಂತ ಸುತ್ತುತ್ತಿದ್ದೆ. ಅತ್ತೆ ಸಾಲಾದ ನಡುವೆ ನಿಂತು ಸುತ್ತ ಕಣ್ಣಾಡಿಸಿ ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ದೊಡ್ಡ ಮನಿ, ಕಸಾ ಹೊಡಿಯೋರು ಯಾರು?"

"ನಾನs ರೀ ಅವ್ವಾರ" ಅಂತ ಹಿಂದಿನಿಂದ ದನಿ ಬಂತು.

ಸವದತ್ತಿ ಕಡೆಯ ಅಕ್ಕ. ಇಪ್ಪತ್ತಾರು ವರ್ಷದಿಂದ ಗೋವಾದಲ್ಲಿ, ಹದಿನೆಂಟು ವರ್ಷದಿಂದ ಈ ಮನೆಯಲ್ಲಿ. ಗಂಡ ಮೊದಲು ವಾಸ್ಕೋದಲ್ಲಿ ಗಾರೆ ಕೆಲಸಕ್ಕೆ ಬಂದವನು. ವಾಸ್ಕೋದ ಬಾಯಣಾ, ಝುವಾರಿನಗರದ ಕಡೆ ಹೋದರೆ ನಮ್ಮ ಉತ್ತರ ಕರ್ನಾಟಕದವರು ಓಣಿಗಟ್ಟಲೆ ಸಿಗುತ್ತಾರೆ. ಕೊಂಕಣಿ ಅಕ್ಕನ ಬಾಯಲ್ಲಿ ನೀರು ಕುಡಿದ ಹಾಗೆ. "ಮೊದಲ ಘಾಂಟಿ, ಘಾಂಟಿ ಅಂತಿದ್ರ ರೀ. ಘಟ್ಟದ ಮ್ಯಾಲಿನವ್ರು ಅಂತ. ಈಗ ಯಾರರ ಹಂಗ ಅಂದ್ರ, ನಾ ತಿರಗಿ ಕೊಂಕಣಿದಾಗ ಎರಡು ಬಿಡ್ತೀನಿ" ಅಂದಳು. ಆಂಟಿಗೆ ಕುಂದರ್ರಿ ಕಲಿಸಿದವಳು ಇವಳೇ.

ಅವತ್ತೇ ಸಂಜೆ ನಮ್ಮಿಂದ ಒಂದು ಅನಾಹುತ ಆಯಿತು.

ಆ ಕೋಣೆಯ ಕಿಟಕಿಗಳಿಗೆ ಗಾಜಿಲ್ಲ, ಚಿಪ್ಪು. ಗಾಜು ಯುರೋಪಿನಿಂದ ಹಡಗಿನಲ್ಲಿ ಬರಬೇಕಿದ್ದ ಕಾಲದಲ್ಲಿ ಗೋವಾದವರು ಸಮುದ್ರದ ಒಂದು ಜಾತಿಯ ಚಪ್ಪಟೆ ಚಿಪ್ಪನ್ನು ಚೌಕ ಕತ್ತರಿಸಿ ಕಿಟಕಿಗೆ ಹಾಕುತ್ತಿದ್ದರು. ತೆಳು ಮರದ ಪಟ್ಟಿಗಳಲ್ಲಿ ಸಣ್ಣ ತೋಡು ಕೊರೆದು, ಅದರೊಳಗೆ ಚಿಪ್ಪುಗಳನ್ನು ಒಂದರ ಪಕ್ಕ ಒಂದು ತೂರಿಸಿರುತ್ತಾರೆ. ಒಂದೊಂದು ಅಂಗೈಗಿಂತ ಚಿಕ್ಕದು. ಹತ್ತಿರ ಹೋಗಿ ನೋಡಿದರೆ ಒಳಗೆ ಉಗುರಿನಂಥ ಗೆರೆಗಳು. ಅಂಚಿನಲ್ಲಿ ಸ್ವಲ್ಪ ಹಳದಿ, ನಡುವೆ ಹಾಲು ಬಣ್ಣ. ಆಚೆ ಏನಿದೆ ಅಂತ ಕಾಣುವುದಿಲ್ಲ, ಬೆಳಕು ಮಾತ್ರ ಒಳಗೆ ಬರುತ್ತದೆ. ಅದೂ ಸೋಸಿಕೊಂಡು. ನಾಲ್ಕು ಗಂಟೆ ಬಿಸಿಲು ಆ ಕಿಟಕಿಗೆ ಬಿದ್ದಾಗ ಇಡೀ ಕೋಣೆ ಎಣ್ಣೆಗೆ ಬಿಡುವ ಮುಂಚಿನ ಹಪ್ಪಳದ ಬಣ್ಣ ಆಗುತ್ತದೆ.

ನಮ್ಮ ಮನೆಯವರು ಇಂಜಿನಿಯರ್. ಯಾವ ಕಿಟಕಿಯನ್ನಾದರೂ ಜೋರಾಗಿ ದೂಡಿದರೆ ಮುಚ್ಚುತ್ತದೆ ಅನ್ನುವುದು ಅವರ ನಂಬಿಕೆ. ಸೊಳ್ಳೆ ಬರುತ್ತೆ ಅಂತ ದೂಡಿದರು. ಚಟ್ ಅಂತು. ಹಪ್ಪಳ ಮುರಿದದ್ದೇ ಸದ್ದು. ಎರಡು ಚಿಪ್ಪು ನೆಲಕ್ಕೆ.

ಚೂರುಗಳನ್ನು ಕರ್ಚೀಫಿನಲ್ಲಿ ಹಿಡಿದುಕೊಂಡು ಇಬ್ಬರೂ ಆಂಟಿ ಮುಂದೆ ನಿಂತೆವು, ಸ್ಲೇಟು ಒಡೆದ ಮಕ್ಕಳ ಹಾಗೆ. ಆಂಟಿ ಬೈಯಲಿಲ್ಲ. ಚೂರುಗಳನ್ನು ನೋಡಿ, ಒಂದನ್ನು ಬೆಳಕಿಗೆ ಹಿಡಿದು, "ಇದು ನನ್ನ ಅಜ್ಜಿಗಿಂತ ಹಳೆಯದು" ಅಂದರು. ಬೈದಿದ್ದರೆ ವಾಸಿ ಇತ್ತು.

ಎರಡನೇ ದಿನ

ಸಮುದ್ರದ ಸದ್ದಿಗೆ ಎಚ್ಚರ ಆಗುತ್ತೆ ಅಂದುಕೊಂಡಿದ್ದೆ. ಆಗಿದ್ದು "ಏ, ಹಂಚು ಕೊಡಲೇ, ಕೈ ಕಾಯಾಕತ್ತೈತಿ" ಅನ್ನುವ ಕೂಗಿಗೆ. ಮಾಡಿನ ಮೇಲಿಂದ! ಆರೂವರೆಗೇ ಕೆಲಸ ಶುರು.

ಪ್ರತಿ ಮೇ ತಿಂಗಳು ಈ ಮನೆಯ ಹಂಚುಗಳನ್ನು ಒಂದೊಂದಾಗಿ ತೆಗೆದು, ಒಡೆದದ್ದನ್ನು ಬಿಸಾಡಿ, ಮತ್ತೆ ಜೋಡಿಸುತ್ತಾರೆ. ಅಳಿಲು, ಕಾಗೆ, ತೆಂಗಿನಕಾಯಿ ಮೂರೂ ಸೇರಿ ವರ್ಷವಿಡೀ ಒಡೆಯುತ್ತಲೇ ಇರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಒಂದು ಹಂಚು ಸರಿದರೆ ತೊಲೆಗೆ ನೀರು, ತೊಲೆ ಕೊಳೆತರೆ ಮಾಡೇ ಕೆಳಗೆ. ಕೆಲಸದವರು ನಾಲ್ಕು ಜನ. ಅವರಲ್ಲಿ ಮೂವರು ನಮ್ಮವರೇ, ಬೈಲಹೊಂಗಲದ ಕಡೆಯವರು. ರೀಪಿನ ಮೇಲೆ ಬರಿಗಾಲಲ್ಲಿ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಕಾಲಿಗೆ ತೊಲೆ ಎಲ್ಲಿದೆ ಅಂತ ಗೊತ್ತು, ಕಣ್ಣಿಗೆ ಬೇಕಿಲ್ಲ.

ಅವರಲ್ಲಿ ಹಿರಿಯ ಕೆಳಗಿಳಿದು ಚಹಾ ಕುಡಿಯುವಾಗ ನನಗೊಂದು ಹಳೇ ಹಂಚು ತಿರುಗಿಸಿ ತೋರಿಸಿದ. ತಳದಲ್ಲಿ ಇಂಗ್ಲಿಷ್ ಉಬ್ಬಕ್ಷರ. ಬಾಸೆಲ್ ಮಿಶನ್, 1865. ನಾನು ಆ ಹಂಚೇ 1865ರದು ಅಂದುಕೊಂಡು ಪುಳಕಗೊಂಡೆ. ಹಾಗಲ್ಲ. ಜರ್ಮನಿ, ಸ್ವಿಟ್ಜರ್ಲೆಂಡಿನ ಮಿಷನರಿಗಳು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಆಮೇಲೆ ಬಂದ ಹಂಚುಗಳಿಗೂ ಅದನ್ನೇ ಒತ್ತುತ್ತಿದ್ದರು. ಅದಕ್ಕೂ ಮುಂಚೆ ಇಲ್ಲಿ ಕುಂಬಾರರ ಅರ್ಧ ಕೊಳವೆಯಂಥ ನಾಡಹಂಚು. ಪೋರ್ಚುಗೀಸ್ ಮನೆ ಪೋರ್ಚುಗೀಸ್ ಮನೆ ಅಂತ ಊರೆಲ್ಲ ಹೇಳುತ್ತದೆ. ಮೇಲೆ ಮಂಗಳೂರು ಹೊದ್ದುಕೊಂಡಿದೆ.

ತಿಂಡಿಗೆ ಕರೆದರು. ಹದಿನಾಲ್ಕು ಜನ ಕೂರುವ ಮೇಜಿಗೆ ನಾವು ಮೂವರು. ನೀಲಿ ಬಿಳಿ ಪಿಂಗಾಣಿ, ಇಸ್ತ್ರಿ ಮಾಡಿದ ಕೈವಸ್ತ್ರ. ಅಷ್ಟರಲ್ಲಿ ಹೊರಗೆ ಪೊಂ ಪೊಂ. ಬ್ರೆಡ್ಡಿನವನು. ಇವನಿಗೆ ಪೊದೆರ್ ಅನ್ನುತ್ತಾರೆ. ಸೈಕಲ್ಲಿನ ಹಿಂದೆ ದೊಡ್ಡ ಬುಟ್ಟಿ, ಮೇಲೆ ನೀಲಿ ಪ್ಲಾಸ್ಟಿಕ್. ಒಳಗೆ ಉಂಡೋ, ಚಿಟ್ಟೆ ಆಕಾರದ ಕಾತ್ರೆ, ಬಳೆಯ ಹಾಗಿರುವ ಕಾಂಕಣ, ಮತ್ತೆ ಪೊಯಿ. ನನಗೆ ಪೊಯಿಯೇ ಇಷ್ಟ. ಮೇಲೆ ಗೋಧಿ ಬೂಸಾ, ಒಳಗೆ ಟೊಳ್ಳು. ಬಿಸಿ ಇದ್ದಾಗ ಕೈಯಲ್ಲಿ ಹಿಡಿದರೆ ನಮ್ಮ ಉಬ್ಬಿದ ರೊಟ್ಟಿಯ ತಮ್ಮ ಇರಬೇಕು ಅನಿಸುತ್ತದೆ.

ಅತ್ತೆ ಅನುಮಾನದಿಂದ ನೋಡಿದರು. "ಇದಕ್ಕ ಸೇಂದಿ ಹಾಕ್ತಾರಂತಲ್ಲ?"

"ಮೊದಲ ಹಾಕ್ತಿದ್ರ ರೀ ಅವ್ವಾರ. ಹಿಟ್ಟು ಉಬ್ಬಾಕ. ಈಗ ಈಸ್ಟ್ ಹಾಕ್ತಾರ. ತಿನ್ರಿ, ಏನೂ ಆಗಂಗಿಲ್ಲ" ಅಂದಳು ಅಕ್ಕ.

ಮಾವಿನ ಹಣ್ಣಿನ ಮಾಂಗಾಡ್, ಬಟಾಣಿಯ ಪಾತಳ ಭಾಜಿ, ಪಪಾಯಿ, ಮೊಟ್ಟೆ ಎಲ್ಲ ಇತ್ತು. ಅತ್ತೆ ಚೀಲದಿಂದ ಶೇಂಗಾ ಚಟ್ನಿ ತಂದು, ಪೊಯಿ ಹರಿದು ಅದರ ಹೊಟ್ಟೆಗೆ ತುಂಬಿ, ಮೇಲೆ ಮೊಸರು ಹಾಕಿಕೊಂಡರು. ಆಂಟಿ ದೂರದಿಂದ ನೋಡುತ್ತಿದ್ದವರು ಒಂದು ತುಂಡು ಕೇಳಿ ಪಡೆದರು. ಆಮೇಲೆ ಇನ್ನೊಂದು. ಹೊರಡುವವರೆಗೂ ಆ ಚಟ್ನಿ ಡಬ್ಬಿ ಮೇಜಿನ ಮೇಲೇ ಇತ್ತು, ಬೆಳ್ಳಿ ಉಪ್ಪಿನ ಬಟ್ಟಲಿನ ಪಕ್ಕ.

ಬೀಚಿನ ಬಗ್ಗೆ ಜಾಸ್ತಿ ಹೇಳಲ್ಲ. ಉದ್ದಕ್ಕೆ ಬಿಳಿ ಮರಳು, ಉತ್ತರಕ್ಕೆ ನಡೆದರೆ ಕೋಲ್ವಾ. ಸಮುದ್ರ ಆಗಲೇ ಕೆಸರು ಬಣ್ಣಕ್ಕೆ ತಿರುಗಿತ್ತು. ಕೆಂಪು ಬಾವುಟ ನೆಟ್ಟಿದ್ದರು. ಅತ್ತೆ ಸೀರೆ ಎತ್ತಿ ಹಿಡಿದು ಹರಡಿನವರೆಗೆ ನೀರಿಗಿಳಿದರು. ಒಂದು ಅಲೆ ಬಂದು ಕಾಲ ಕೆಳಗಿನ ಮರಳು ಎಳೆದಾಗ ನನ್ನ ಕೈ ಗಟ್ಟಿ ಹಿಡಿದರು. ಆಮೇಲೆ ಬಿಡಲೇ ಇಲ್ಲ, ಅರ್ಧ ಗಂಟೆ. ಮೀನುಗಾರರು ದೋಣಿಗಳನ್ನು ಮೇಲೆಳೆದು ತೆಂಗಿನ ಗರಿಯ ತಟ್ಟಿ ಹೊದಿಸುತ್ತಿದ್ದರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ.

ಬಾಣಾವಲಿ ಅನ್ನುವ ಹೆಸರಿಗೆ ಪರಶುರಾಮನ ಕಥೆ ಇದೆ. ಸಹ್ಯಾದ್ರಿಯ ಮೇಲಿಂದ ಬಿಟ್ಟ ಬಾಣ ಇಲ್ಲಿ ಬಿತ್ತಂತೆ. ಬಾಣದ ಹಳ್ಳಿ. ನಮ್ಮ ಕಿವಿಗೆ ಕನ್ನಡವೇ ಅನಿಸುತ್ತದೆ ಅಲ್ವಾ? ಇದೇ ಊರಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್ ಮೊದಲು ಕೆಲಸ ಮಾಡಿದ್ದು ನಮ್ಮ ಕರಾವಳಿಯಲ್ಲಿ. ಆಮೇಲೆ ಶ್ರೀಲಂಕಾಕ್ಕೆ ಹೋಗಿ ಅಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತ ಅಂತ ಘೋಷಿಸಿದರು. ಮಂಗಳೂರು ಹತ್ತಿರದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ ಅಂತ ನಾನು ಹೇಳಿದಾಗ ಆಂಟಿಯ ಮುಖ ಅರಳಿತು. ನಮ್ಮ ಕಿಟಕಿ ಪಾಪ ಸ್ವಲ್ಪ ತೊಳೆದುಹೋಯಿತು ಅಂದುಕೊಂಡೆ.

ಮಧ್ಯಾಹ್ನ ಊರಲ್ಲೇ ಇರುವ ಗೋವಾ ಚಿತ್ರ ಮ್ಯೂಸಿಯಂಗೆ ಹೋದೆವು. ಕಲಾವಿದ ವಿಕ್ಟರ್ ಹ್ಯೂಗೋ ಗೋಮ್ಸ್ ಕಟ್ಟಿದ್ದು, 2009ರಲ್ಲಿ ಶುರುವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಸಾಮಾನು. ನೇಗಿಲು, ಕೊಳಗ, ಒನಕೆ, ಕಬ್ಬು ಅರೆಯುವ ದೊಡ್ಡ ಗಾಣ. ನನಗೆ ಅದು ಮ್ಯೂಸಿಯಂ. ಅತ್ತೆಗೆ ತವರುಮನೆ. "ಇದು ಹಿಂಗ ಹಿಡಿಯೋದಲ್ಲ" ಅಂತ ವಿವರಿಸುವ ಹುಡುಗಿಗೇ ವಿವರಿಸಿದರು. ನನ್ನ ಗಮನ ಹೋಗಿದ್ದು ಕಟ್ಟಡದ ಕಡೆ. ಬಾಗಿಲು, ಕಂಬ, ಕಿಟಕಿ ಎಲ್ಲ ಗೋವಾದಲ್ಲಿ ಕೆಡವಿದ ಹಳೇ ಮನೆಗಳಿಂದ ಎತ್ತಿ ತಂದದ್ದು. ಆಲದ ಸಸಿ ಬೆಳೆದ ಆ ಬೀಗ ಹಾಕಿದ ಮನೆಗಳು ನೆನಪಾದವು.

ಸಂಜೆ ಬಾಲ್ಕಾಂವ್‌ನಲ್ಲಿ ಅದನ್ನೇ ಕೇಳಿದೆ. ಇಷ್ಟು ಚೆಂದದ ಮನೆಗಳಿಗೆ ಯಾಕೆ ಬೀಗ?

ಆಂಟಿ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ನಾನು, ಕೊಂಕಣಿಯಲ್ಲಿ ಹೇಳಿದ್ದನ್ನು ಅಕ್ಕ, ಅತ್ತೆಗೆ ಕನ್ನಡ ಮಾಡುತ್ತಾ ಹೋದೆವು. ಗೋವಾದಲ್ಲಿ ಆಸ್ತಿ ಹಂಚಿಕೆ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನಿಂದ ಬಂದ ಪದ್ಧತಿ. ಮಗ, ಮಗಳು ಅಂತ ಭೇದ ಇಲ್ಲ, ಸಮ ಪಾಲು. ಅಪ್ಪ ಅಮ್ಮ ಸಿಟ್ಟು ಮಾಡಿಕೊಂಡು ಒಬ್ಬ ಮಗುವನ್ನು ಪೂರ್ತಿ ಬಿಡುವ ಹಾಗೂ ಇಲ್ಲ. ಹಾಗಾಗಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಒಂದು ಮನೆಗೆ ಮೂವತ್ತು ನಲವತ್ತು ವಾರಸುದಾರರು. ಅರ್ಧ ಜನ ಪೋರ್ಚುಗಲ್, ಕೆನಡಾದಲ್ಲಿ. ಮಾರಬೇಕಾದರೆ ಎಲ್ಲರ ಸಹಿ ಬೇಕು. ರಿಪೇರಿಗೆ ದುಡ್ಡು ಕೇಳಿದರೆ ಒಬ್ಬರೂ ಫೋನ್ ಎತ್ತುವುದಿಲ್ಲ. ಆಂಟಿಯ ಒಡಹುಟ್ಟಿದವರು ಐದು ಜನ. ಎಲ್ಲರ ಕೈಯಲ್ಲೂ ಬರೆಸಿಕೊಂಡು ಇವರು ಕೋಣೆ ಬಾಡಿಗೆಗೆ ಕೊಡೋಕೆ ಶುರು ಮಾಡಿದರು. ಮನೆ ತನ್ನ ಹಂಚಿನ ಖರ್ಚು ತಾನೇ ದುಡಿಯಲಿ ಅಂತ.

ಅತ್ತೆ ಅರ್ಧ ಕಥೆಯಲ್ಲೇ ತಡೆದರು. "ಹೆಣ್ಮಕ್ಕಳಿಗೂ ಸಮಾ? ಯಾವಾಗಿಂದ?"

ನೂರೈವತ್ತು ವರ್ಷದ ಮೇಲಾಯಿತು ಅಂದೆ. ನಮ್ಮ ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಕಾನೂನು ಬಂದದ್ದು 1994ರಲ್ಲಿ. ಅತ್ತೆಯ ಮದುವೆ ಅದಕ್ಕೂ ಎಷ್ಟೋ ಮುಂಚೆ.

"ನಮ್ಮಪ್ಪಂದು ಹನ್ನೆರಡು ಎಕರೆ ಎರಿ ಹೊಲ ಇತ್ತು" ಅಂದರು ಅತ್ತೆ, ರಸ್ತೆ ಕಡೆ ನೋಡುತ್ತಾ. "ಅಣ್ಣ ಕಾಗದ ತಂದ. ಸಹಿ ಮಾಡಿ ಕೊಟ್ಟೆ. ವರ್ಷಾ ಪಂಚಮಿಗೆ ಒಂದು ಕುಬಸದ ಖಣ ಬರತೈತಿ."

ಅಕ್ಕ ಇದನ್ನು ಕೊಂಕಣಿಗೆ ಮಾಡಲಿಲ್ಲ. ಆಂಟಿಯೂ ಕೇಳಲಿಲ್ಲ. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ದೋದೋಲ್ ತಂದು ಅತ್ತೆಯ ಮುಂದಿಟ್ಟರು. ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ. ಮೊಟ್ಟೆ ಇಲ್ಲ ಅಂತ ಎರಡು ಸಲ ಹೇಳಿದರು.

ಮೂರನೇ ದಿನ

ಬೆಳಿಗ್ಗೆ ಮಡಗಾಂವ್ ಸಂತೆ. ಮೇ ಕೊನೆಗೆ ಅಲ್ಲಿ ಹೋಲಿ ಸ್ಪಿರಿಟ್ ಇಗರ್ಜಿಯ, ಅಂದರೆ ಚರ್ಚಿನ, ಸುತ್ತ ಪುರುಮೆಂತ ಅನ್ನುವ ಜಾತ್ರೆ ಸೇರುತ್ತದೆ. ಪೋರ್ಚುಗೀಸ್‌ನಲ್ಲಿ ಪ್ರೊವಿಮೆಂತೊ ಅಂದರೆ ಸಾಮಾನು ಕೂಡಿಡುವುದು, ಅದೇ ಕೊಂಕಣಿಯಲ್ಲಿ ಪುರುಮೆಂತ ಆಯಿತು. ಮಳೆಗಾಲದಲ್ಲಿ ಹೊರಗೆ ಕಾಲಿಡೋಕೆ ಆಗದ ಕಾಲದ ಪದ್ಧತಿ. ಒಣ ಮೆಣಸಿನಕಾಯಿ, ಒಣ ಮೀನು, ಹುಣಸೆ, ಕೋಕಂ ಸಿಪ್ಪೆ, ಜಡೆ ಹೆಣೆದ ಈರುಳ್ಳಿ, ಮಣ್ಣಿನ ಮಡಕೆ. ಒಣ ಮೀನಿನ ಸಾಲು ಬಂದಾಗ ಅತ್ತೆ ಸೆರಗು ಮೂಗಿಗೆ ಹಿಡಿದು ಓಡಿದರು. ಮೆಣಸಿನಕಾಯಿ ಸಾಲಿನಲ್ಲಿ ಮಾತ್ರ ಕಾಲು ಕೀಳಲಿಲ್ಲ. ಅಂಗಡಿಯವನು ಹಾವೇರಿ ಕಡೆಯವನು. ಬ್ಯಾಡಗಿ ಕಾಯಿಯ ಹೆಸರಲ್ಲಿ ಏನು ಮಾರುತ್ತೀಯಾ ಅಂತ ಅವನನ್ನು ಕಾಲು ಗಂಟೆ ವಿಚಾರಿಸಿಕೊಂಡರು. ಕಡೆಗೆ ಒಂದು ಕಿಲೋ ಕೊಂಡರು. ಹುಬ್ಬಳ್ಳಿಯಿಂದ ಗೋವಾಕ್ಕೆ ಬಂದು ಬ್ಯಾಡಗಿ ಮೆಣಸಿನಕಾಯಿ!

ಅಲ್ಲಿಂದ ಚಾಂದೋರ್. ಮೆನೆಜಿಸ್ ಬ್ರಗಾಂಝಾ ಮನೆ ನೋಡದೆ ಹೋಗಬೇಡಿ ಅಂತ ಆಂಟಿ ಹೇಳಿದ್ದರು. ಊರ ಇಗರ್ಜಿಯ ಎದುರು ಉದ್ದಾನುದ್ದ ಕಿಟಕಿಗಳ ಸಾಲು. ಕುಟುಂಬದ ಎರಡು ಕವಲು ಎರಡು ಭಾಗದಲ್ಲಿ ಇದ್ದಾರೆ. ಪತ್ರಕರ್ತ ಲೂಯಿಸ್ ಮೆನೆಜಿಸ್ ಬ್ರಗಾಂಝಾ ಇದ್ದದ್ದು ಪಶ್ಚಿಮ ಭಾಗದಲ್ಲಿ. ಅವರ ಪುಸ್ತಕಗಳ ಕಪಾಟುಗಳು ಇನ್ನೂ ಇವೆ. ಪೂರ್ವದ ಭಾಗದಲ್ಲಿ ನೃತ್ಯದ ಸಭಾಂಗಣ, ಮನೆಯೊಳಗೇ ಪ್ರಾರ್ಥನೆಯ ಕೋಣೆ. ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್‌ರ ಉಗುರು ಇಟ್ಟಿದ್ದಾರೆ. ಬಾಗಿಲಲ್ಲಿ ಟಿಕೆಟ್ ಇಲ್ಲ, ಕೊನೆಗೆ ದೇಣಿಗೆ ಕೇಳುತ್ತಾರೆ. ಕೊಡಿ. ಆ ಮನೆಯ ಮಾಡನ್ನು ನೋಡಿದ ಮೇಲೆ ನಾನು ಎರಡು ಪಟ್ಟು ಕೊಟ್ಟೆ. ಎರಡು ದಿನದ ಹಿಂದೆ ಹಂಚಿನ ಕಡೆ ನೋಡುತ್ತಲೂ ಇರಲಿಲ್ಲ.

ಚಾಂದೋರ್ ಅಂದರೆ ಹಳೇ ಚಂದ್ರಪುರ. ಗೋವಾ ಕದಂಬರ ಮೊದಲ ರಾಜಧಾನಿ. ಖಾನಾಪುರದ ಹಲಸಿ ನೋಡಿದವರಿಗೆ ಈ ಕದಂಬರು ಗೊತ್ತು. ಊರಾಚೆ ಹಳೇ ಶಿವನ ಗುಡಿಯ ಅಡಿಪಾಯ, ತಲೆ ಇಲ್ಲದ ಒಂದು ನಂದಿ. ಅತ್ತೆ ಅದರ ಬೆನ್ನು ಸವರಿ, ಕೈಚೀಲದಿಂದ ವಿಭೂತಿ ತೆಗೆದು ಹಚ್ಚಿದರು.

ವಾಪಸ್ ಬಂದಾಗ ನಮ್ಮ ಕೋಣೆಯಲ್ಲಿ ಬಡಿಗೇರ ಕೂತಿದ್ದ. ಕಿತ್ತೂರಿನವನು. ನಮ್ಮ ಕಿಟಕಿಯ ಬಾಗಿಲು ಕಳಚಿ ನೆಲದ ಮೇಲೆ ಚಾದರ ಹಾಸಿ ಮಲಗಿಸಿದ್ದ, ಪೇಷಂಟಿನ ಹಾಗೆ. ಪಕ್ಕದಲ್ಲಿ ಹಳೇ ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ಹತ್ತಿಯ ನಡುವೆ ಚಿಪ್ಪುಗಳು. ತುದಿಯ ಮೊಳೆ ತೆಗೆದು, ಮರದ ಪಟ್ಟಿಯನ್ನು ಒಂದು ನೂಲಿನಷ್ಟು ಸರಿಸಿದ. ಡಬ್ಬದಿಂದ ಒಂದು ಚಿಪ್ಪು ತೆಗೆದ. ಅಳತೆ ಸ್ವಲ್ಪ ದೊಡ್ಡದು. ಅದರ ಅಂಚನ್ನು ಕಲ್ಲಿನ ಮೇಲೆ ಮೆಲ್ಲಗೆ ಉಜ್ಜಿದ. ಬಿಳಿ ಹಿಟ್ಟು ಉದುರಿತು. ಉಫ್ ಅಂತ ಊದಿ, ತೋಡಿನೊಳಗೆ ತೂರಿಸಿದ. ಎರಡು ಬೆರಳಲ್ಲಿ ತಳ್ಳಿದ ಅಷ್ಟೇ, ಒತ್ತಲೇ ಇಲ್ಲ.

"ಹೊಸಾ ಚಿಪ್ಪು ಎಲ್ಲಿ ಸಿಗತಾವ?" ಅಂತ ನಮ್ಮ ಮನೆಯವರು ಕೇಳಿದರು.

"ಹೊಸಾವು ಎಲ್ಲಿಯವ ರೀ ಸಾಹೇಬ್ರ. ಒಂದು ಮನಿ ಬೀಳಬೇಕು. ಅಂದ್ರ ಇನ್ನೊಂದು ಮನಿಗೆ ಖಿಡಕಿ" ಅಂದ. ಇದು ಲೋಟಲಿಯ ಹತ್ತಿರ ಕೆಡವಿದ ಒಂದು ಮನೆಯದು. ಡಬ್ಬದಲ್ಲಿ ಇನ್ನು ಮೂವತ್ತೊಂದು ಉಳಿದಿವೆಯಂತೆ. ಎಣಿಸಿ ಇಟ್ಟಿದ್ದ.

ದುಡ್ಡು ಕೊಡೋಕೆ ಹೋದೆವು. ಆಂಟಿ ತೆಗೆದುಕೊಳ್ಳಲಿಲ್ಲ. ಬದಲಿಗೆ ನಮ್ಮ ಮನೆಯವರನ್ನು ಕಿಟಕಿಯ ಮುಂದೆ ನಿಲ್ಲಿಸಿ ಮುಚ್ಚೋದು ಹೇಗೆ ಅಂತ ಕಲಿಸಿದರು. ಮೊದಲು ಸ್ವಲ್ಪ ಮೇಲೆತ್ತಬೇಕು, ಆಮೇಲೆ ಎಳೆಯಬೇಕು. ಮೂರು ಸಲ ಮಾಡಿಸಿದರು. ಅತ್ತೆ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡಿ ನಗುತ್ತಿದ್ದರು.

ಗೋವಾದವರು ಆರಾಮ ಜೀವಿಗಳು ಅಂತ ಒಂದು ಮಾತಿದೆ. ನಾನು ಕಂಡ ಆಂಟಿ ಬೆಳಿಗ್ಗೆ ಐದಕ್ಕೆ ಎದ್ದು, ರಾತ್ರಿ ಹತ್ತಕ್ಕೂ ಟಾರ್ಚ್ ಹಿಡಿದು ತೊಲೆಗೆ ಗೆದ್ದಲು ಹತ್ತಿದೆಯಾ ಅಂತ ನೋಡುತ್ತಿದ್ದರು. ಅಂದು ರಾತ್ರಿ ಬಿಬಿಂಕಾ ಮಾಡಿಸಿದ್ದರು. ಮೊಟ್ಟೆಯ ಹಳದಿ, ತೆಂಗಿನ ಹಾಲು, ಸಕ್ಕರೆ, ತುಪ್ಪ. ಒಂದು ಪದರ ಹೊಯ್ದು, ಮೇಲಿನ ಮುಚ್ಚಳದ ಮೇಲೆ ಕೆಂಡ ಹಾಕಿ, ಅದು ಕಂದಿದ ಮೇಲೆ ಮುಂದಿನ ಪದರ. ಹೀಗೆ ಏಳು. ಅಕ್ಕ ಹಿತ್ತಲಲ್ಲಿ ತೆಂಗಿನ ಸಿಪ್ಪೆಯ ಕೆಂಡದ ಮುಂದೆ ಮಧ್ಯಾಹ್ನದಿಂದ ಕೂತಿದ್ದಳು. ಅತ್ತೆ ಮುಟ್ಟಲಿಲ್ಲ. ಅವರ ಪಾಲೂ ನಾನೇ ತಿಂದೆ.

ಒಂದೂವರೆ ಹೊತ್ತಿಗೆ ಮಳೆ ಬಂತು. ಮುಂಗಾರಲ್ಲ, ಅದಕ್ಕೂ ಮುಂಚಿನ ಒಂದು ಅಡ್ಡಮಳೆ. ಗುಡುಗು, ತೆಂಗಿನ ಗರಿ ಬಡಿಯುವ ಸದ್ದು, ಮಾಡಿನ ಮೇಲೆ ಸಾವಿರ ಬೆರಳು. ಕರೆಂಟ್ ಹೋಯಿತು. ಎದ್ದು ಸಾಲಾಗೆ ಬಂದರೆ ಅತ್ತೆ ಆಗಲೇ ಬೀಟೆ ಕುರ್ಚಿಯಲ್ಲಿ ಕೂತಿದ್ದರು. ಅಕ್ಕ ಕಂದೀಲು ಹಿಡಿದು ಓಡಾಡುತ್ತಿದ್ದಳು. ಸಾಲಾದ ಮೇಲಿನ ಹಂಚು ಮುಗಿದಿತ್ತು, ಅಡುಗೆ ಮನೆ ಕಡೆ ಇನ್ನೂ ಆಗಿರಲಿಲ್ಲ. ಎಲ್ಲಿ ಸೋರುತ್ತೆ ಅಂತ ಅವಳಿಗೆ ಗೊತ್ತು. ನೀರು ಬೀಳುವ ಮುಂಚೆಯೇ ತಾಮ್ರದ ಹಂಡೆ ಅಲ್ಲಿ ತಂದಿಟ್ಟಿದ್ದಳು. ಟಣ್. ಸ್ವಲ್ಪ ಹೊತ್ತು ಬಿಟ್ಟು, ಟಣ್.

"ಹಂಡೇಕ ತಳದಾಗ ಒಂದು ಅರಬಿ ಹಾಕವಾ" ಅಂದರು ಅತ್ತೆ. "ಸಪ್ಪಳ ಬರಂಗಿಲ್ಲ. ನಮ್ಮ ಮನ್ಯಾಗ ಹಂಗs ಮಾಡ್ತಿದ್ವಿ."

ಅಕ್ಕ ಹಾಕಿದಳು. ಸದ್ದು ನಿಂತಿತು. ಮೂವರೂ ಅಲ್ಲೇ ಕೂತೆವು, ಮಳೆ ಕಡಿಮೆ ಆಗುವವರೆಗೆ.

ನಾಲ್ಕನೇ ದಿನ

ಬೆಳಿಗ್ಗೆ ತಿಂಡಿ ತಿಂದು ಹೊರಟೆವು. ಮಾಡಿನ ಮೇಲೆ ಹಂಚಿನವರು ಆಗಲೇ ಅಡುಗೆ ಮನೆ ಕಡೆ ಶುರು ಹಚ್ಚಿಕೊಂಡಿದ್ದರು. ಅಕ್ಕ ಒಂದು ಪೊಟ್ಟಣ ಕೋಕಂ, ಎರಡು ತೆಂಗಿನಕಾಯಿ ಕೊಟ್ಟಳು. ಅತ್ತೆ ಉಳಿದ ಮಾದಲಿ ಡಬ್ಬಿ ಅವಳಿಗೆ, ಶೇಂಗಾ ಚಟ್ನಿ ಆಂಟಿಗೆ. "ಮತ್ತ ಬರ್ರಿ" ಅಂದರು ಆಂಟಿ. ಇದು ಹೊಸದಾಗಿ ಕಲಿತದ್ದು, ರಾತ್ರಿ ಅಭ್ಯಾಸ ಮಾಡಿದ್ದರಂತೆ.

ರೈಲು ಕುಳೆಂ ಬಿಟ್ಟು ಘಟ್ಟ ಏರತೊಡಗಿತು. ರಾತ್ರಿಯ ಮಳೆಗೆ ದೂಧಸಾಗರ ಅರ್ಧ ಲೀಟರ್ ಆಗಿತ್ತು. ಅತ್ತೆ ಕಿಟಕಿಯ ಪಕ್ಕ ಕೂತವರು ಇದ್ದಕ್ಕಿದ್ದ ಹಾಗೆ ಕೇಳಿದರು. "ಖರೆ ಹೇಳು, ಎಷ್ಟು ಕೊಟ್ಟಿ?"

ಮಗ ನನ್ನ ಮುಖ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. "ನಲವತ್ತೆಂಟು ಸಾವಿರ" ಅಂದರು.

ಒಂದು ಸುರಂಗ ಬಂತು, ಹೋಯಿತು. ಇನ್ನೊಂದು ಬಂತು. ಅತ್ತೆ ಮಾತಾಡಲಿಲ್ಲ. ಬೈಗುಳಕ್ಕೆ ನಾವಿಬ್ಬರೂ ತಯಾರಾಗಿ ಕೂತೆವು. ಬೆಳಕು ಬಂದ ಮೇಲೆ ಮಗನ ಕಡೆ ತಿರುಗಿದರು.

"ಹಂಚು ಒಂದಕ್ಕ ಎಷ್ಟಂತ?"

ಅವರಿಗೆ ಗೊತ್ತಿರಲಿಲ್ಲ. ನನಗೂ.

"ಕೇಳಬೇಕಿತ್ತಪಾ" ಅಂದರು.